ಜೋಡಿಪುಟದಲ್ಲಿ ಮೇಳ: ರಾಕ್ ಸಂಗೀತ ಪತ್ರಿಕೆಗಳ ಪುಟವಿನ್ಯಾಸ ಮತ್ತು ಜನಪದ ಗಾಯಕರ ಮುದ್ರಿತ ಚಿತ್ರ

೧. ಪೀಠಿಕೆ

ಜನಪದ ಹಾಡುಗಳನ್ನು ಸಂಗ್ರಹಿಸಿ ಅಚ್ಚಿಗೆ ತರುವ ಕೆಲಸಕ್ಕೆ ಕನ್ನಡದಲ್ಲಿ ಒಂದು ಶತಮಾನಕ್ಕೂ ಮಿಕ್ಕಿದ ಚರಿತ್ರೆಯಿದೆ. ಜೆ.ಎಫ್. ಫ್ಲೀಟ್ ಅವರು ಹತ್ತೊಂಬತ್ತನೆಯ ಶತಮಾನದ ಕೊನೆಯ ಭಾಗದಲ್ಲಿ ‘ಇಂಡಿಯನ್ ಆಂಟಿಕ್ವರಿ’ಯಲ್ಲಿ ಪ್ರಕಟಿಸಿದ ಲಾವಣಿಗಳಿಂದ ಮೊದಲಾಗಿ, ಹಲಸಂಗಿ ಗೆಳೆಯರ ‘ಗರತಿಯ ಹಾಡು’ (೧೯೩೧) ಸಂಕಲನವನ್ನು ಹಾದು, ವಿಶ್ವವಿದ್ಯಾಲಯಗಳೂ ಅಕಾಡೆಮಿಗಳೂ ಹೊರತಂದ ಬೃಹತ್ ಸಂಪುಟಗಳವರೆಗೆ ಈ ಕೆಲಸ ಬೆಳೆದು ಬಂದಿದೆ. ಈ ಅವಧಿಯಲ್ಲಿ ಪಾಠಭೇದ, ಉಪಭಾಷೆ, ಛಂದಸ್ಸು, ಆಶಯ ಹಾಗೂ ಸಾಮಾಜಿಕ ಹಿನ್ನೆಲೆಗಳನ್ನು ಕುರಿತು ಗಂಭೀರ ಚರ್ಚೆಗಳು ನಡೆದಿವೆ. ಆದರೆ ಹಾಡು ಪುಟದ ಮೇಲೆ ಯಾವ ರೂಪದಲ್ಲಿ ನಿಲ್ಲುತ್ತದೆ, ಹಾಡಿದವನ ಹೆಸರು ಎಲ್ಲಿ ಬರುತ್ತದೆ, ಅವನ ಚಿತ್ರ ಯಾವ ಗಾತ್ರದಲ್ಲಿರುತ್ತದೆ, ಹಿಮ್ಮೇಳದವರಿಗೆ ಅಲ್ಲಿ ಜಾಗವಿದೆಯೇ ಎಂಬ ಪ್ರಶ್ನೆಗಳನ್ನು ಮುದ್ರಣಾಲಯದ ಪಾಲಿಗೆ ಬಿಟ್ಟದ್ದೇ ಹೆಚ್ಚು.

ಇವೇ ಪ್ರಶ್ನೆಗಳನ್ನು ಕಸುಬಿನ ಕೇಂದ್ರದಲ್ಲಿಟ್ಟುಕೊಂಡು ಬೆಳೆದ ಇನ್ನೊಂದು ಮುದ್ರಣ ಪರಂಪರೆಯಿದೆ. ಅದು ರಾಕ್ ಸಂಗೀತ ಪತ್ರಿಕೆಗಳದು. ಹಾಡುಗಾರರ ಒಂದು ತಂಡವನ್ನು, ಅದರ ಸದ್ದು, ವೇಷ ಮತ್ತು ಮಾತುಗಳನ್ನು ಎದುರುಬದುರಾದ ಎರಡು ಪುಟಗಳಲ್ಲಿ ಕಟ್ಟಿಕೊಡುವುದು ಆ ಪತ್ರಿಕೆಗಳ ವಿನ್ಯಾಸಕರ ಮುಖ್ಯ ಕೆಲಸ. ಮೇಲ್ನೋಟಕ್ಕೆ ಚಾಮರಾಜನಗರದ ಸೀಮೆಯ ಬದನಗುಪ್ಪೆಗೂ ಸ್ಯಾನ್‌ಫ್ರಾನ್ಸಿಸ್ಕೋದ ಪತ್ರಿಕಾಲಯಕ್ಕೂ ನಂಟು ಕಾಣುವುದಿಲ್ಲ. ಆದರೆ ಎರಡೂ ಕಡೆ ವಿನ್ಯಾಸಕನ ಮುಂದಿರುವುದು ಮೂರು, ನಾಲ್ಕು ಅಥವಾ ಐದು ಜನ ಕೂಡಿ ನುಡಿಸಿ ಹಾಡುವ ಒಂದು ಮೇಳವೇ. ಆ ಮೇಳವನ್ನು ಕಾಗದಕ್ಕೆ ಇಳಿಸುವ ಬಗೆಯಲ್ಲಿ ರಾಕ್ ಪತ್ರಿಕೆಗಳು ಏನನ್ನು ಸಾಧಿಸಿದವು, ಎಲ್ಲಿ ಎಡವಿದವು, ನೀಲಗಾರರ ಮತ್ತು ದೇವರಗುಡ್ಡರ ಗಾಯನವನ್ನು ಮುದ್ರಿಸುವವರು ಅವುಗಳಿಂದ ಏನನ್ನು ಸ್ವೀಕರಿಸಬಹುದು ಎಂಬುದನ್ನು ಪ್ರಸ್ತುತ ಲೇಖನದಲ್ಲಿ ಪರಿಶೀಲಿಸಲಾಗಿದೆ.

೨. ಜೋಡಿಪುಟ ಮತ್ತು ಅದರ ಅಂಗಗಳು

ಪತ್ರಿಕೆಯನ್ನು ತೆರೆದಾಗ ಓದುಗನ ಕಣ್ಣಿಗೆ ಒಂದು ಪುಟವಲ್ಲ, ಎಡ ಮತ್ತು ಬಲ ಪುಟಗಳೆರಡೂ ಒಟ್ಟಿಗೆ ಬೀಳುತ್ತವೆ. ಇವೆರಡನ್ನೂ ಒಂದೇ ಹಾಸಾಗಿ ಭಾವಿಸಿ ವಿನ್ಯಾಸಗೊಳಿಸಿದಾಗ ಅದನ್ನು ಜೋಡಿಪುಟ ಎನ್ನಬಹುದು. ವಾರ್ತೆ, ವಿಮರ್ಶೆ, ಜಾಹೀರಾತುಗಳ ಪುಟಗಳು ಒಂದು ಸಿದ್ಧ ಚೌಕಟ್ಟಿನಲ್ಲಿ ನಡೆಯುತ್ತವೆ. ಪ್ರಧಾನ ಲೇಖನದ ಜೋಡಿಪುಟ ಮಾತ್ರ ಪ್ರತಿ ಸಲವೂ ಹೊಸದಾಗಿ ಹುಟ್ಟಬೇಕು. ಲೇಖನದ ವಸ್ತುವೇ ಅದರ ರೂಪವನ್ನು ನಿರ್ಧರಿಸಬೇಕು.

ಜೋಡಿಪುಟದ ಅಂಗಗಳು ಹೆಚ್ಚಿಲ್ಲ. ದೊಡ್ಡ ಅಕ್ಷರದ ತಲೆಬರಹ; ಅದರ ಕೆಳಗೆ ಲೇಖನದ ಸಾರವನ್ನು ಎರಡು ಮೂರು ವಾಕ್ಯಗಳಲ್ಲಿ ಹೇಳುವ ಪೀಠಿಕೆ; ಬರೆದವರ ಮತ್ತು ಚಿತ್ರ ತೆಗೆದವರ ಹೆಸರು; ಮುಖ್ಯ ಛಾಯಾಚಿತ್ರ; ಅಂಕಣಗಳಾಗಿ ಹಂಚಿದ ಪಠ್ಯ; ಪಠ್ಯದಿಂದ ಹೆಕ್ಕಿ ದಪ್ಪಕ್ಷರದಲ್ಲಿ ಎತ್ತಿ ತೋರಿಸುವ ಒಂದು ಮಾತು; ಚಿತ್ರದ ಅಡಿಬರಹ. ಇವುಗಳ ಜೊತೆಗೆ ಎರಡು ಮುಖ್ಯ ಸಂಗತಿಗಳಿವೆ. ಮೊದಲನೆಯದು ಖಾಲಿ ಜಾಗ. ಹಾಡಿನಲ್ಲಿ ಮೌನಕ್ಕೆ ಇರುವ ಕೆಲಸವೇ ಪುಟದಲ್ಲಿ ಖಾಲಿ ಜಾಗಕ್ಕೆ ಇದೆ. ಎರಡನೆಯದು ನಡುವಿನ ಮಡಿಕೆ. ಹೊಲಿಗೆ ಅಥವಾ ಪಿನ್ನು ಬೀಳುವ ಆ ಗೆರೆಯ ಮೇಲೆ ಮುಖವಾಗಲಿ ಅಕ್ಷರವಾಗಲಿ ಸಿಕ್ಕಿಕೊಂಡರೆ ಅದು ಓದುಗನ ಪಾಲಿಗೆ ಕಳೆದುಹೋಗುತ್ತದೆ. ದಪ್ಪ ಸಂಪುಟಗಳಲ್ಲಿ ಈ ನಷ್ಟ ಇನ್ನೂ ಹೆಚ್ಚು.

ಕಣ್ಣು ಪುಟದ ಮೇಲೆ ಚಲಿಸುವ ಕ್ರಮವನ್ನು ನಿಯಂತ್ರಿಸುವುದು ವಿನ್ಯಾಸಕನ ನಿಜವಾದ ಕೌಶಲ. ದೊಡ್ಡದು ಮೊದಲು ಕಾಣುತ್ತದೆ, ಚಿಕ್ಕದು ಅನಂತರ ಕಾಣುತ್ತದೆ, ತೀರ ಚಿಕ್ಕದು ಕಾಣುವುದೇ ಇಲ್ಲ. ಆದ್ದರಿಂದ ಗಾತ್ರವೆಂಬುದು ಅಲಂಕಾರದ ವಿಷಯವಷ್ಟೇ ಅಲ್ಲ; ಅದು ಯಾರು ಮುಖ್ಯರು, ಯಾರು ಅಮುಖ್ಯರು ಎಂಬ ತೀರ್ಮಾನವೂ ಹೌದು.

೩. ರಾಕ್ ಪತ್ರಿಕೆಗಳಲ್ಲಿ ಪುಟದ ಬೆಳವಣಿಗೆ

ಅಮೆರಿಕದಲ್ಲಿ ರಾಕ್ ಸಂಗೀತವನ್ನು ಗಂಭೀರವಾಗಿ ವಿಮರ್ಶಿಸಿದ ಮೊದಲ ಪತ್ರಿಕೆಗಳಲ್ಲಿ ಒಂದಾದ ‘ಕ್ರಾಡ್ಯಾಡಿ’ಯನ್ನು ೧೯೬೬ರಲ್ಲಿ ಪಾಲ್ ವಿಲಿಯಮ್ಸ್ ಎಂಬ ಹದಿನೇಳು ವಯಸ್ಸಿನ ಕಾಲೇಜು ವಿದ್ಯಾರ್ಥಿ ಆರಂಭಿಸಿದ. ಅದರ ಮೊದಲ ಸಂಚಿಕೆಗಳು ಬೆರಳಚ್ಚು ಮಾಡಿ ಪ್ರತಿ ತೆಗೆದ ಹಾಳೆಗಳು. ಅಲ್ಲಿ ವಿನ್ಯಾಸವೆಂಬುದು ಹೆಚ್ಚೇನೂ ಇರಲಿಲ್ಲ; ಬರಹವೇ ಎಲ್ಲವೂ ಆಗಿತ್ತು. ಮರುವರ್ಷ, ೧೯೬೭ರ ನವೆಂಬರ್ ೯ರ ದಿನಾಂಕ ಹೊತ್ತು ಸ್ಯಾನ್‌ಫ್ರಾನ್ಸಿಸ್ಕೋದಿಂದ ‘ರೋಲಿಂಗ್ ಸ್ಟೋನ್’ ಹೊರಬಂತು. ಜಾನ್ ವೆನ್ನರ್ ಮತ್ತು ರಾಲ್ಫ್ ಗ್ಲೀಸನ್ ಅದರ ಸ್ಥಾಪಕರು. ದಿನಪತ್ರಿಕೆಯ ಕಾಗದದ ಮೇಲೆ ಮುದ್ರಿಸಿ ಮಡಿಸಿದ ಆ ಪತ್ರಿಕೆಯ ಮೊದಲ ಮುಖಪುಟದಲ್ಲಿ ಜಾನ್ ಲೆನನ್ ಚಲನಚಿತ್ರವೊಂದರ ಸೈನಿಕವೇಷದಲ್ಲಿದ್ದ. ಪತ್ರಿಕೆಯ ಹೆಸರಿನ ಅಕ್ಷರಗಳನ್ನು ಬರೆದುಕೊಟ್ಟವನು ಸಂಗೀತ ಕಾರ್ಯಕ್ರಮಗಳ ಭಿತ್ತಿಪತ್ರಗಳ ಕಲಾವಿದ ರಿಕ್ ಗ್ರಿಫಿನ್. ಬೀದಿಯ ಗೋಡೆಯ ಮೇಲಿದ್ದ ಅಕ್ಷರ ಹೀಗೆ ಪತ್ರಿಕೆಯ ಹಣೆಗೆ ಬಂತು.

ಛಾಯಾಗ್ರಹಣಕ್ಕೆ ಈ ಪತ್ರಿಕೆ ಕೊಟ್ಟ ಸ್ಥಾನ ಗಮನಾರ್ಹವಾದುದು. ಬ್ಯಾರನ್ ವುಲ್ಮನ್ ಅದರ ಮೊದಲ ಛಾಯಾಗ್ರಾಹಕ. ೧೯೭೦ರಲ್ಲಿ ಕೆಲಸ ಆರಂಭಿಸಿದ ಆ್ಯನಿ ಲೀಬೊವಿಟ್ಸ್ ೧೯೭೩ರಲ್ಲಿ ಪ್ರಧಾನ ಛಾಯಾಗ್ರಾಹಕಿಯಾದಳು. ವೇದಿಕೆಯ ಬುಡದಲ್ಲಿ ನಿಂತು ಮೇಲ್ಮುಖವಾಗಿ ತೆಗೆದ ಚಿತ್ರಗಳು ರಾಕ್ ಛಾಯಾಗ್ರಹಣದ ಒಂದು ಗುರುತೇ ಆದವು. ಗಾಯಕ ನೋಡುವವನಿಗಿಂತ ಎತ್ತರದಲ್ಲಿರುತ್ತಾನೆ. ಕ್ಯಾಮೆರಾದ ಈ ಕೋನದಲ್ಲಿಯೇ ಒಂದು ಗೌರವದ ಸಂಬಂಧ ಅಡಗಿದೆ.

ಪ್ರಧಾನ ಲೇಖನದ ಜೋಡಿಪುಟ ಪಕ್ವವಾದದ್ದು ಫ್ರೆಡ್ ವುಡ್‌ವರ್ಡ್ ೧೯೮೭ರಿಂದ ೨೦೦೧ರವರೆಗೆ ‘ರೋಲಿಂಗ್ ಸ್ಟೋನ್’ನ ಕಲಾ ನಿರ್ದೇಶಕನಾಗಿದ್ದ ಕಾಲದಲ್ಲಿ. ಒಂದು ಪುಟದ ತುಂಬ ಛಾಯಾಚಿತ್ರ, ಅದರ ಎದುರಿನ ಪುಟದ ತುಂಬ ಅಕ್ಷರ ಎಂಬುದು ಅವನ ಹಲವು ಪುಟಗಳ ಸೂತ್ರ. ಚಿತ್ರದಲ್ಲಿರುವ ವ್ಯಕ್ತಿಯ ಸ್ವಭಾವಕ್ಕೆ ಹೊಂದುವಂತೆ ಅಕ್ಷರದ ಆಕಾರ, ತೂಕ, ಬಣ್ಣಗಳನ್ನು ಆಯ್ದುಕೊಂಡು ತಲೆಬರಹವನ್ನೇ ಒಂದು ಚಿತ್ರವಾಗಿಸುವುದು ಅವನ ಕ್ರಮವಾಗಿತ್ತು. ಇಲ್ಲಿ ಅಕ್ಷರ ಚಿತ್ರಕ್ಕೆ ವಿವರಣೆಯಾಗದೆ ಅದಕ್ಕೆ ಜೊತೆಗೂಡುತ್ತದೆ. ಹಾಡಿಗೆ ವಾದ್ಯ ಜೊತೆಗೂಡುವಂತೆ.

ಇದಕ್ಕೆ ವಿರುದ್ಧ ದಿಕ್ಕಿನ ಪ್ರಯೋಗಗಳೂ ನಡೆದವು. ೧೯೭೬ರಲ್ಲಿ ಲಂಡನ್ನಿನಲ್ಲಿ ಮಾರ್ಕ್ ಪೆರಿ ಆರಂಭಿಸಿದ ‘ಸ್ನಿಫಿನ್ ಗ್ಲೂ’ ಎಂಬ ಪಂಕ್ ಸಂಗೀತದ ಪತ್ರಿಕೆ ಕೈಬರಹದ ತಲೆಬರಹ, ಬೆರಳಚ್ಚಿನ ಪಠ್ಯ, ನೆರಳಚ್ಚಿನ ಪ್ರತಿ ಇವಿಷ್ಟರಿಂದಲೇ ರೂಪುಗೊಂಡಿತ್ತು. ಹಣವಿಲ್ಲದವರ ಸಂಗೀತಕ್ಕೆ ಹಣವಿಲ್ಲದವರ ಪುಟವೇ ಸರಿಹೊಂದಿತು. ೧೯೯೨ರಲ್ಲಿ ಬಂದ ‘ರೇ ಗನ್’ ಪತ್ರಿಕೆಯಲ್ಲಿ ಡೇವಿಡ್ ಕಾರ್ಸನ್ ಅಂಕಣಗಳನ್ನು ಒಡೆದು, ಸಾಲುಗಳನ್ನು ಒಂದರ ಮೇಲೊಂದು ಹಾಯಿಸಿ, ಓದುವ ಕ್ರಿಯೆಯನ್ನೇ ಕಷ್ಟಗೊಳಿಸಿದ. ೧೯೯೪ರಲ್ಲಿ ಬ್ರಯನ್ ಫೆರಿಯ ಸಂದರ್ಶನ ನೀರಸವೆನಿಸಿದಾಗ ಅದನ್ನಿಡೀ ಅಕ್ಷರಗಳ ಬದಲು ಚಿಹ್ನೆಗಳೇ ಇರುವ ಅಚ್ಚುಮೊಳೆಯಲ್ಲಿ ಜೋಡಿಸಿ ಮುದ್ರಿಸಿದ್ದು ಪ್ರಸಿದ್ಧ ಪ್ರಸಂಗ. ಪುಟದ ಪ್ರಭಾವ ಎಷ್ಟಿದೆಯೆಂಬುದನ್ನೂ, ಆ ಪ್ರಭಾವ ಹಾಡುಗಾರನ ಮಾತನ್ನೇ ನುಂಗಿಹಾಕಬಲ್ಲುದೆಂಬುದನ್ನೂ ಈ ಪ್ರಸಂಗ ಒಟ್ಟಿಗೆ ತೋರಿಸುತ್ತದೆ.

೪. ಭಾರತ ಮತ್ತು ಕರ್ನಾಟಕದ ಸಂದರ್ಭ

ಭಾರತದಲ್ಲಿ ಪಾಶ್ಚಾತ್ಯ ಜನಪ್ರಿಯ ಸಂಗೀತವನ್ನು ಯುವ ಓದುಗರಿಗೆ ತಲುಪಿಸಿದ ಪತ್ರಿಕೆಗಳಲ್ಲಿ ಕಲ್ಕತ್ತೆಯ ‘ಜೂನಿಯರ್ ಸ್ಟೇಟ್ಸ್‌ಮನ್’ (೧೯೬೭–೧೯೭೭) ಮುಖ್ಯವಾದುದು. ಅದರ ಸಂಪಾದಕ ಡೆಸ್ಮಂಡ್ ಡೊಯಿಗ್ ಸ್ವತಃ ಚಿತ್ರಕಾರ. ರಾಕ್ ಸಂಗೀತಕ್ಕೇ ಮೀಸಲಾದ ‘ರಾಕ್ ಸ್ಟ್ರೀಟ್ ಜರ್ನಲ್’ ೧೯೯೩ರಲ್ಲಿ ಆರಂಭವಾದದ್ದು ಮುಂಬಯಿಯಿಂದಾಗಲಿ ಬೆಂಗಳೂರಿನಿಂದಾಗಲಿ ಅಲ್ಲ, ಅಲಹಾಬಾದಿನಿಂದ. ಅದನ್ನು ಕಟ್ಟಿದ ಅಮಿತ್ ಸೈಗಲ್ ೨೦೧೨ರಲ್ಲಿ ತೀರಿಕೊಂಡರು. ಮಹಾನಗರವಲ್ಲದ ಊರಿನಲ್ಲಿ ಕುಳಿತು ದೇಶದ ತಂಡಗಳಿಗೆಲ್ಲ ಒಂದು ಪುಟ ಒದಗಿಸಬಹುದೆಂಬುದನ್ನು ಈ ಪತ್ರಿಕೆ ತೋರಿಸಿತು. ‘ರೋಲಿಂಗ್ ಸ್ಟೋನ್’ನ ಭಾರತೀಯ ಆವೃತ್ತಿ ೨೦೦೮ರಲ್ಲಿ ಬಂತು.

ಬೆಂಗಳೂರು ರಾಕ್ ಸಂಗೀತದ ಕೇಂದ್ರಗಳಲ್ಲೊಂದು. ೨೦೦೭ರ ಮಾರ್ಚ್ ೧೭ರಂದು ಅರಮನೆ ಮೈದಾನದಲ್ಲಿ ನಡೆದ ‘ಐರನ್ ಮೇಡನ್’ ತಂಡದ ಕಾರ್ಯಕ್ರಮ ದೇಶದ ಸಂಗೀತಾಸಕ್ತರ ಗಮನ ಸೆಳೆಯಿತು. ೨೦೦೨ರಲ್ಲಿ ರೂಪುಗೊಂಡ ‘ಸ್ವರಾತ್ಮ’ ಮತ್ತು ೨೦೦೮ರಲ್ಲಿ ತನ್ನ ಮೊದಲ ಧ್ವನಿಸಂಪುಟ ತಂದ ಮೈಸೂರಿನ ರಘು ದೀಕ್ಷಿತ್ ಅವರ ತಂಡ ಜನಪದ ಮತ್ತು ತತ್ತ್ವಪದದ ಧಾಟಿಗಳನ್ನು ಗಿಟಾರು, ಡ್ರಮ್ಮುಗಳೊಂದಿಗೆ ಬೆಸೆದವು. ಬಣ್ಣದ ಲುಂಗಿ, ಕಾಲ್ಗೆಜ್ಜೆಗಳ ರಘು ದೀಕ್ಷಿತ್ ಅವರ ಚಿತ್ರ ಹೊರದೇಶದ ಸಂಗೀತ ಪತ್ರಿಕೆಗಳ ಪುಟಗಳಿಗೂ ಏರಿತು. ೨೦೧೧ರಲ್ಲಿ ಬ್ರಿಟನ್ನಿನ ‘ಸಾಂಗ್‌ಲೈನ್ಸ್’ ಪತ್ರಿಕೆ ಅವರಿಗೆ ಹೊಸ ಪ್ರತಿಭೆಯ ಪ್ರಶಸ್ತಿ ನೀಡಿತು.

ಕನ್ನಡದಲ್ಲಿ ರಾಕ್ ಸಂಗೀತಕ್ಕೇ ಮೀಸಲಾದ ಪತ್ರಿಕೆಗಳ ಪರಂಪರೆ ಬೆಳೆಯಲಿಲ್ಲ. ಆದರೆ ಹಾಡನ್ನು ಪುಟವಾಗಿಸುವ ಕನ್ನಡದ್ದೇ ಆದ ರೂಢಿಗಳು ಇದ್ದವು. ಚಲನಚಿತ್ರಗಳ ಹಾಡಿನ ಪುಸ್ತಕ ಅವುಗಳಲ್ಲೊಂದು. ಅಗ್ಗದ ಕಾಗದದ ಆ ಕಿರುಹೊತ್ತಗೆಯಲ್ಲಿ ಮೊದಲು ನಟರ ಮತ್ತು ತಂತ್ರಜ್ಞರ ಪಟ್ಟಿ, ಬಳಿಕ ಕುತೂಹಲದ ಹಂತದಲ್ಲಿ ನಿಲ್ಲಿಸಿದ ಕಥಾಸಾರಾಂಶ, ಕೊನೆಗೆ ಹಾಡುಗಳು ಬರುತ್ತಿದ್ದವು. ಬರೆದವರು, ಹಾಡಿದವರು, ಸಂಗೀತ ನೀಡಿದವರು ಎಲ್ಲರೂ ಅಲ್ಲಿ ಹೆಸರು ಪಡೆಯುತ್ತಿದ್ದರು. ಸಾಪ್ತಾಹಿಕ ಮತ್ತು ಮಾಸಪತ್ರಿಕೆಗಳಲ್ಲಿ ಕಥೆಗಳ ತಲೆಬರಹವನ್ನು ಕಲಾವಿದರು ಕೈಯಿಂದಲೇ ಬರೆಯುತ್ತಿದ್ದ ಪದ್ಧತಿ ಇನ್ನೊಂದು. ಎಂಬತ್ತು, ತೊಂಬತ್ತರ ದಶಕಗಳ ಧ್ವನಿಸುರುಳಿಯ ಹೊದಿಕೆ ಮೂರನೆಯದು. ಮಲೆಮಹದೇಶ್ವರ, ಮಂಟೇಸ್ವಾಮಿ, ಸಿದ್ಧಪ್ಪಾಜಿ ಕಥನಗಳು ಮೈಸೂರು, ಮಂಡ್ಯ, ಚಾಮರಾಜನಗರ ಸೀಮೆಯ ಮನೆಮನೆ ಸೇರಿದ್ದು ಧ್ವನಿಸುರುಳಿಗಳ ಮೂಲಕ. ಮಳವಳ್ಳಿ ಮಹದೇವಸ್ವಾಮಿಯವರಂತಹ ಗಾಯಕರ ಹೆಸರು ಊರೂರಿಗೆ ಪರಿಚಿತವಾದದ್ದೂ ಅವುಗಳಿಂದಲೇ. ವ್ಯಾಪಾರದ ಉದ್ದೇಶದ ಈ ಮುದ್ರಣಗಳಲ್ಲಿ ಗಾಯಕನ ಹೆಸರಿಗೆ ಬೆಲೆಯಿತ್ತು. ವಿದ್ವತ್ತಿನ ಮುದ್ರಣಗಳಲ್ಲಿ ಅದಕ್ಕೆ ಎಷ್ಟು ಬೆಲೆ ಸಿಕ್ಕಿತು ಎಂಬುದು ಮುಂದಿನ ಪ್ರಶ್ನೆ.

೫. ಜನಪದ ಸಂಪುಟಗಳಲ್ಲಿ ಗಾಯಕನ ಸ್ಥಾನ

ಜನಪದ ಕಾವ್ಯ ಸಂಕಲನವೊಂದರ ಸಾಮಾನ್ಯ ರಚನೆ ಹೀಗಿರುತ್ತದೆ: ಮುಖಪುಟದಲ್ಲಿ ಕೃತಿಯ ಹೆಸರು ಮತ್ತು ಸಂಪಾದಕರ ಹೆಸರು; ಬಳಿಕ ಮುನ್ನುಡಿ, ಅರಿಕೆ, ದೀರ್ಘ ಪ್ರಸ್ತಾವನೆ; ಅನಂತರ ಪದ್ಯದ ಸಾಲುಗಳಾಗಿ ಜೋಡಿಸಿದ ಪಠ್ಯ; ಕಡೆಗೆ ಕಠಿಣ ಪದಗಳ ಅರ್ಥ. ಹಾಡಿದವರ ಹೆಸರು ಅನೇಕ ವೇಳೆ ಅರಿಕೆಯ ಕೃತಜ್ಞತೆಯ ಸಾಲಿನಲ್ಲಿ ಅಥವಾ ಕೊನೆಯ ‘ವಕ್ತೃಗಳ ವಿವರ’ದಲ್ಲಿ ಬರುತ್ತದೆ. ಛಾಯಾಚಿತ್ರವಿದ್ದರೆ ಅದರ ಅಡಿಬರಹ ‘ಕಂಸಾಳೆ ಕಲಾವಿದರು’ ಅಥವಾ ‘ನೀಲಗಾರರ ಮೇಳ’ ಎಂದಿಷ್ಟೇ ಇರುವುದುಂಟು. ನೆಲದ ಮೇಲೆ ಕುಳಿತ ಗಾಯಕರನ್ನು ನಿಂತ ಸಂಶೋಧಕರು ಮೇಲಿನಿಂದ ಸೆರೆಹಿಡಿದ ಕೋನವೂ ಈ ಚಿತ್ರಗಳಲ್ಲಿ ಸಾಮಾನ್ಯ. ರಾಕ್ ಗಾಯಕನನ್ನು ಕೆಳಗಿನಿಂದ ನೋಡುವ ಕ್ಯಾಮೆರಾ ಜನಪದ ಗಾಯಕನನ್ನು ಮೇಲಿನಿಂದ ನೋಡುತ್ತದೆ.

ಇದು ಯಾರದೋ ದುರುದ್ದೇಶದ ಫಲವಲ್ಲ. ಜನಪದವೆಂದರೆ ಸಮುದಾಯದ ಸೃಷ್ಟಿ, ಅದಕ್ಕೆ ಕರ್ತೃವಿಲ್ಲ ಎಂಬ ತಿಳಿವಳಿಕೆ ಬಹುಕಾಲ ಪ್ರಬಲವಾಗಿತ್ತು. ಕರ್ತೃವಿಲ್ಲವೆಂದ ಮೇಲೆ ಹೆಸರಿನ ಅಗತ್ಯವೂ ಕಾಣಲಿಲ್ಲ. ಆದರೆ ಕರ್ತೃವಿಲ್ಲದ ಕಾವ್ಯಕ್ಕೂ ಗಾಯಕನಿರುತ್ತಾನೆ. ಇಡೀ ರಾತ್ರಿ ನಡೆಯುವ ಕಥನದಲ್ಲಿ ಯಾವ ಪ್ರಸಂಗವನ್ನು ಹಿಗ್ಗಿಸಬೇಕು, ಯಾವುದನ್ನು ದಾಟಿ ಹೋಗಬೇಕು, ಎಲ್ಲಿ ಮಾತಿಗೆ ಇಳಿಯಬೇಕು, ಎಲ್ಲಿ ಹಾಡಿಗೆ ಏರಬೇಕು ಎಂಬುದನ್ನು ತೀರ್ಮಾನಿಸುವವನು ಅವನೇ. ಈ ಅರಿವು ಮೂಡಿದ ಹಾಗೆ ಮುಖಪುಟಗಳೂ ಬದಲಾದವು. ತುಳುವಿನ ಸಿರಿ ಮಹಾಕಾವ್ಯವನ್ನು ಲೌರಿ ಹೊಂಕೊ ಅವರು ಚಿನ್ನಪ್ಪ ಗೌಡ, ವಿವೇಕ ರೈ ಮತ್ತು ಅನೆಲಿ ಹೊಂಕೊ ಅವರೊಂದಿಗೆ ೧೯೯೮ರಲ್ಲಿ ಪ್ರಕಟಿಸಿದಾಗ, ೧೫,೬೮೩ ಸಾಲುಗಳ ಆ ಕಾವ್ಯದ ಗಾಯಕ ಗೋಪಾಲ ನಾಯ್ಕರ ಹೆಸರು ಕೃತಿಯ ಶೀರ್ಷಿಕೆಯಲ್ಲಿಯೇ ಸೇರಿತು. ಕೆ. ಕೇಶವನ್ ಪ್ರಸಾದ್ ಸಂಗ್ರಹಿಸಿದ ಮಲೆ ಮಾದೇಶ್ವರ ಕಾವ್ಯವನ್ನು ಸಿ.ಎನ್. ರಾಮಚಂದ್ರನ್ ಮತ್ತು ಎಲ್.ಎನ್. ಭಟ್ ಇಂಗ್ಲಿಷಿಗೆ ಅನುವಾದಿಸಿ ಸಾಹಿತ್ಯ ಅಕಾಡೆಮಿ ೨೦೦೧ರಲ್ಲಿ ಪ್ರಕಟಿಸಿದ ಕೃತಿ ಹೆಬ್ಬಣಿ ಮಾದೇಗೌಡ ಮತ್ತು ಸಂಗಡಿಗರ ಹೆಸರನ್ನು ಹೊತ್ತಿದೆ. ಇವು ದೊಡ್ಡ ಹೆಜ್ಜೆಗಳು. ಆದರೂ ಹೆಸರು ಮುಖಪುಟಕ್ಕೆ ಬಂದ ಮಾತ್ರಕ್ಕೆ ಮೇಳ ಒಳಪುಟಕ್ಕೆ ಬಂದಂತಾಗುವುದಿಲ್ಲ.

ಹೆಸರು ಕಳೆದುಹೋಗುವುದರ ಪರಿಣಾಮ ಇಂದು ಹೆಚ್ಚು ಸ್ಪಷ್ಟವಾಗಿದೆ. ಮಹದೇಶ್ವರನನ್ನು ಕುರಿತ ‘ಸೋಜುಗಾದ ಸೂಜುಮಲ್ಲಿಗೆ’ ಹಾಡು ೨೦೨೧ರ ‘ಗರುಡ ಗಮನ ವೃಷಭ ವಾಹನ’ ಚಲನಚಿತ್ರದಲ್ಲಿ ಬಳಕೆಯಾಗಿ ದೇಶದಾಚೆಗೂ ಹಬ್ಬಿತು. ಹೊಸದಾಗಿ ಹಾಡಿದವರ, ಸಂಗೀತ ಸಂಯೋಜಿಸಿದವರ ಹೆಸರು ಎಲ್ಲರಿಗೂ ತಿಳಿದಿದೆ. ಹಾಡನ್ನು ತಲೆಮಾರುಗಳಿಂದ ಕಾಪಾಡಿಕೊಂಡು ಬಂದ ಗುಡ್ಡರು ಮಾತ್ರ ‘ಜನಪದ’ ಎಂಬ ಒಂದೇ ಪದದೊಳಗೆ ಸೇರಿಹೋಗಿದ್ದಾರೆ. ಮುದ್ರಿತ ದಾಖಲೆಯಲ್ಲಿ ಹೆಸರಿಲ್ಲದವನು ಗೌರವವನ್ನಾಗಲಿ ಸಂಭಾವನೆಯನ್ನಾಗಲಿ ಕೇಳುವಾಗ ತೋರಿಸಲು ಅವನ ಕೈಯಲ್ಲಿ ಏನೂ ಇರುವುದಿಲ್ಲ. ಪುಟವಿನ್ಯಾಸದ ಪ್ರಶ್ನೆ ಅಂದಚಂದದ ಪ್ರಶ್ನೆಯಾಗಿ ಉಳಿಯದೆ ನ್ಯಾಯದ ಪ್ರಶ್ನೆಯಾಗುವುದು ಈ ಘಟ್ಟದಲ್ಲಿ.

೬. ಬದನಗುಪ್ಪೆಯ ಪರಿಸರ ಮತ್ತು ಮೇಳದ ಸ್ವರೂಪ

ಬದನಗುಪ್ಪೆ ಚಾಮರಾಜನಗರ ತಾಲ್ಲೂಕಿನ ಗ್ರಾಮ. ನಂಜನಗೂಡು–ಚಾಮರಾಜನಗರ ರೈಲುಮಾರ್ಗದಲ್ಲಿ ಅದೊಂದು ನಿಲ್ದಾಣ. ಇತ್ತೀಚಿನ ವರ್ಷಗಳಲ್ಲಿ ಬದನಗುಪ್ಪೆ–ಕೆಲ್ಲಂಬಳ್ಳಿ ಕೈಗಾರಿಕಾ ಪ್ರದೇಶದಿಂದಾಗಿ ಅದರ ಹೆಸರು ಸರ್ಕಾರದ ಕಡತಗಳಲ್ಲಿಯೂ ವಾರ್ತೆಗಳಲ್ಲಿಯೂ ಮತ್ತೆ ಮತ್ತೆ ಕಾಣಿಸಿಕೊಂಡಿದೆ. ಈ ಗ್ರಾಮ ಸೇರಿರುವ ಜಿಲ್ಲೆ ೧೯೯೭ರಲ್ಲಿ ಮೈಸೂರಿನಿಂದ ಬೇರ್ಪಟ್ಟಿತು. ಮಲೆಮಹದೇಶ್ವರ ಬೆಟ್ಟ, ಸಿದ್ಧಪ್ಪಾಜಿಯ ಗದ್ದಿಗೆಯಿರುವ ಚಿಕ್ಕಲ್ಲೂರು, ಸೋಲಿಗರ ಬಿಳಿಗಿರಿರಂಗನ ಬೆಟ್ಟ ಮೂರೂ ಇದೇ ಜಿಲ್ಲೆಯಲ್ಲಿವೆ. ಜೀ.ಶಂ. ಪರಮಶಿವಯ್ಯ, ಪಿ.ಕೆ. ರಾಜಶೇಖರ ಮೊದಲಾದ ವಿದ್ವಾಂಸರ ಕ್ಷೇತ್ರಕಾರ್ಯದಿಂದ ಈ ಸೀಮೆಯ ಕಾವ್ಯಗಳು ಕನ್ನಡ ಜಾನಪದ ಅಧ್ಯಯನದ ಮುನ್ನೆಲೆಗೆ ಬಂದವು.

ಇಲ್ಲಿನ ವೃತ್ತಿಗಾಯಕರಲ್ಲಿ ಎರಡು ಪರಂಪರೆಗಳು ಪ್ರಧಾನ. ಮಹದೇಶ್ವರನ ಒಕ್ಕಲಾಗಿ ದೀಕ್ಷೆ ಪಡೆದ ದೇವರಗುಡ್ಡರು ಕಂಸಾಳೆ ಹಿಡಿದು ಹಾಡುತ್ತಾರೆ. ಬಟ್ಟಲಿನಂತಿರುವ ತಾಳ ಒಂದು ಕೈಯಲ್ಲಿ, ಗೊಂಡೆ ಕಟ್ಟಿದ ಚಪ್ಪಟೆ ತಾಳ ಇನ್ನೊಂದು ಕೈಯಲ್ಲಿ. ಅವರ ಕಾವ್ಯ ‘ಸಾಲು’ಗಳಾಗಿ ವಿಂಗಡಣೆಗೊಂಡಿದೆ: ಶ್ರವಣದೊರೆಯ ಸಾಲು, ಸಂಕಮ್ಮನ ಸಾಲು, ಇಕ್ಕೇರಿ ದೇವಮ್ಮನ ಸಾಲು ಇತ್ಯಾದಿ. ಮಂಟೇಸ್ವಾಮಿ ಪರಂಪರೆಯ ನೀಲಗಾರರು ತಂಬೂರಿ, ಗಗ್ಗರ, ದಮ್ಮಡಿ, ತಾಳಗಳೊಂದಿಗೆ ಹಾಡುತ್ತಾರೆ. ಜನ ಅವರನ್ನು ತಂಬೂರಿಯವರೆಂದೂ ಕರೆಯುವುದುಂಟು. ಎರಡೂ ಪರಂಪರೆಗಳ ಗಾಯಕರು ಬಹುಪಾಲು ದಲಿತ ಮತ್ತು ಹಿಂದುಳಿದ ಸಮುದಾಯಗಳಿಂದ ಬಂದವರು. ಕಥೆ ನಡೆಸುವವನು ಒಬ್ಬ. ಅವನ ಸಾಲಿನ ಕೊನೆಯನ್ನು ಹಿಡಿದು ಎತ್ತುವವರು, ಹೂಂಗುಟ್ಟುವವರು, ನಡುವೆ ಪ್ರಶ್ನೆ ಕೇಳಿ ಕಥೆಯನ್ನು ಮುಂದೂಡುವವರು ಹಿಮ್ಮೇಳದವರು. ಹಿಮ್ಮೇಳವಿಲ್ಲದೆ ಕಥೆ ಮುಂದೆ ಸಾಗುವುದಿಲ್ಲ.

೭. ಮೇಳಕ್ಕೊಂದು ಜೋಡಿಪುಟ: ಒಂದು ಮಾದರಿ

ಬದನಗುಪ್ಪೆಯಂತಹ ಊರಿನ ಜಗುಲಿಯಲ್ಲಿ ನಾಲ್ವರು ನೀಲಗಾರರ ಮೇಳವೊಂದು ಸಿದ್ಧಪ್ಪಾಜಿಯ ಕಥೆಯನ್ನು ರಾತ್ರಿಯಿಡೀ ಹಾಡಿತೆಂದು ಭಾವಿಸಬಹುದು. ಅದಕ್ಕೆ ಒಂದು ಜೋಡಿಪುಟ ಕಟ್ಟಬೇಕಾದರೆ ಹಂತಗಳು ಯಾವುವು?

ಮೊದಲನೆಯದು ಚಿತ್ರ. ಗಾಯಕರು ಕುಳಿತಿದ್ದರೆ ಛಾಯಾಗ್ರಾಹಕನೂ ಕುಳಿತು, ಕಣ್ಣಿಗೆ ಕಣ್ಣು ಸಮವಾಗುವ ಎತ್ತರದಲ್ಲಿ ಚಿತ್ರ ತೆಗೆಯಬೇಕು. ನಾಲ್ವರ ಮುಖವೂ, ನಾಲ್ವರ ಕೈಯಲ್ಲಿರುವ ವಾದ್ಯವೂ ಕಾಣಬೇಕು. ಚಿತ್ರ ಎರಡೂ ಪುಟಗಳಿಗೆ ಹರಡಿದರೆ ಮಡಿಕೆ ಇಬ್ಬರ ನಡುವಿನ ತೆರಪಿನಲ್ಲಿ ಬೀಳುವಂತೆ ನೋಡಿಕೊಳ್ಳಬೇಕು. ದಮ್ಮಡಿಯವನ ಮುಖ ಹೊಲಿಗೆಯಲ್ಲಿ ಸಿಕ್ಕಿಕೊಂಡ ಪುಟ ಅವನನ್ನು ಮೇಳದಿಂದಲೇ ಹೊರಗಿಟ್ಟಂತೆ.

ಎರಡನೆಯದು ತಲೆಬರಹ. ಅಕ್ಷರದ ರೂಪವನ್ನು ಕಥೆಯಿಂದಲೇ ಪಡೆಯಬೇಕು. ಹಲಗೂರಿನ ಪಾಂಚಾಳರಿಂದ ಕಬ್ಬಿಣದ ಭಿಕ್ಷೆ ತರುವ ಪ್ರಸಂಗ ಸಿದ್ಧಪ್ಪಾಜಿ ಕಥೆಯ ಎದೆಗೂಡು. ಆ ಪ್ರಸಂಗಕ್ಕೆ ಕುಲುಮೆಯಲ್ಲಿ ಬಡಿದು ಮಾಡಿದಂತಹ ತೂಕದ, ಕೈಬರಹದ ಅಕ್ಷರ ಒಪ್ಪುತ್ತದೆ. ಗಣಕಯಂತ್ರದಲ್ಲಿ ಸಿದ್ಧವಾಗಿರುವ ಬಳ್ಳಿಯಂಚಿನ ಅಕ್ಷರ ಒಪ್ಪುವುದಿಲ್ಲ. ಬಣ್ಣವನ್ನೂ ಪರಂಪರೆಯೇ ಸೂಚಿಸುತ್ತದೆ. ಸಿದ್ಧಪ್ಪಾಜಿಗೆ ‘ಘನನೀಲಿ’ ಎಂಬ ಬಿರುದಿದೆ. ನೀಲಗಾರರ ಹೆಸರಿನಲ್ಲಿಯೂ ನೀಲಿಯಿದೆ. ಜನಪದವೆಂದೊಡನೆ ಕೆಮ್ಮಣ್ಣಿನ ಬಣ್ಣ, ಹಸೆಯ ರೇಖೆಗಳನ್ನು ತುಂಬುವ ರೂಢಿಗಿಂತ ಕಡುನೀಲಿಯ ಒಂದೇ ಬಣ್ಣ ಈ ಪುಟಕ್ಕೆ ಹೆಚ್ಚು ಸತ್ಯವಾದುದು.

ಮೂರನೆಯದು ಪಠ್ಯದ ಜೋಡಣೆ. ಇಲ್ಲಿ ಅಮೆರಿಕದ ಜಾನಪದ ವಿದ್ವಾಂಸ ಡೆನಿಸ್ ಟೆಡ್‌ಲಾಕ್ ಅವರ ಪ್ರಯೋಗ ನೆರವಿಗೆ ಬರುತ್ತದೆ. ಜ಼ೂನಿ ಬುಡಕಟ್ಟಿನ ಕಥನಗಳನ್ನು ೧೯೭೨ರಲ್ಲಿ ಪ್ರಕಟಿಸುವಾಗ ಅವರು ನಿರೂಪಕ ಉಸಿರು ನಿಲ್ಲಿಸಿದಲ್ಲಿ ಸಾಲು ಮುರಿದರು, ಏರುದನಿಗೆ ದೊಡ್ಡಕ್ಷರ, ಇಳಿದನಿಗೆ ಸಣ್ಣಕ್ಷರ ಬಳಸಿದರು. ಟೆಡ್‌ಲಾಕ್ ಮತ್ತು ಜೆರೋಮ್ ರಾಥನ್‌ಬರ್ಗ್ ೧೯೭೦ರಲ್ಲಿ ಆರಂಭಿಸಿದ ‘ಆಲ್ಚೆರಿಂಗ’ ಪತ್ರಿಕೆ ಪಠ್ಯದೊಂದಿಗೆ ಧ್ವನಿಮುದ್ರಿಕೆಯನ್ನೂ ಒದಗಿಸಿತು. ರಾಕ್ ಪತ್ರಿಕೆಯ ವಿನ್ಯಾಸಕನೂ ಜಾನಪದ ವಿದ್ವಾಂಸನೂ ಹೆಚ್ಚುಕಡಿಮೆ ಒಂದೇ ಕಾಲದಲ್ಲಿ, ಒಬ್ಬರಿಂದೊಬ್ಬರು ದೂರದಲ್ಲಿದ್ದು, ದನಿಗೆ ಅಕ್ಷರದ ರೂಪವನ್ನು ಹುಡುಕುತ್ತಿದ್ದರು.

ಕನ್ನಡ ಲಿಪಿಯಲ್ಲಿ ಈ ಕ್ರಮವನ್ನು ಹಾಗೆಯೇ ಅನುಸರಿಸಲಾಗದು. ಕನ್ನಡದಲ್ಲಿ ದೊಡ್ಡಕ್ಷರ, ಸಣ್ಣಕ್ಷರಗಳೆಂಬ ಎರಡು ವರ್ಗಗಳಿಲ್ಲ. ಆದ್ದರಿಂದ ಏರುದನಿಯನ್ನು ಅಕ್ಷರದ ತೂಕದಿಂದ, ಇಳಿದನಿಯನ್ನು ತೆಳುವಾದ ಅಚ್ಚಿನಿಂದ ಸೂಚಿಸಬೇಕು. ಅಕ್ಷರವನ್ನು ಓರೆಯಾಗಿಸುವುದು ಕನ್ನಡದ ದುಂಡು ರೂಪಗಳಿಗೆ ಒಗ್ಗುವುದಿಲ್ಲ. ಒತ್ತಕ್ಷರಗಳು ಸಾಲಿನ ಕೆಳಗೆ ಇಳಿಯುವುದರಿಂದ ಸಾಲುಗಳ ನಡುವಣ ಅಂತರ ಇಂಗ್ಲಿಷಿಗಿಂತ ಹೆಚ್ಚಾಗಿರಬೇಕು. ಹನ್ನೊಂದು ಅಂಶದ ಅಕ್ಷರಕ್ಕೆ ಹದಿನಾರು ಅಂಶದಷ್ಟು ಸಾಲಿನ ಎತ್ತರ ಓದಿಗೆ ಹಿತ. ರಾಗವಾಗಿ ಎಳೆದ ಸ್ವರಕ್ಕೆ ಮಾತ್ರ ನಮ್ಮ ವ್ಯಾಕರಣದಲ್ಲಿಯೇ ಪರಿಹಾರವಿದೆ: ಪ್ಲುತವನ್ನು ಸೂಚಿಸಲು ಸ್ವರದ ಮುಂದೆ ‘೩’ ಎಂಬ ಅಂಕಿಯನ್ನು ಇಡುವ ಪದ್ಧತಿ. ಹಳೆಯ ವೈಯಾಕರಣರ ಈ ಗುರುತು ಜನಪದ ಗಾಯನದ ಪುಟಕ್ಕೆ ಚೆನ್ನಾಗಿ ಹೊಂದುತ್ತದೆ.

ಅಂಕಣಗಳ ಹಂಚಿಕೆ ಹಿಮ್ಮೇಳಕ್ಕೆ ನ್ಯಾಯ ಒದಗಿಸುವ ಮುಖ್ಯ ಸಾಧನ. ಸಾಮಾನ್ಯ ಸಂಕಲನದಲ್ಲಿ ಹಿಮ್ಮೇಳದ ಪಲ್ಲವಿಯನ್ನು ಒಮ್ಮೆ ಮುದ್ರಿಸಿ, ಬಳಿಕ ಬಿಟ್ಟುಬಿಡುತ್ತಾರೆ. ಕಾಗದ ಉಳಿಯುತ್ತದೆ, ಆದರೆ ಗಾಯನದ ಅರ್ಧ ಭಾಗ ಹೋಗುತ್ತದೆ. ಅದರ ಬದಲು ಅಗಲವಾದ ಅಂಕಣದಲ್ಲಿ ಕಥೆಗಾರನ ಸಾಲು, ಅದರ ಬಲಕ್ಕೆ ಕಿರಿದಾದ ಅಂಕಣದಲ್ಲಿ ಅದೇ ಎತ್ತರಕ್ಕೆ ಹಿಮ್ಮೇಳದ ಎತ್ತುಗಡೆ, ಅಂಚಿನಲ್ಲಿ ವಾದ್ಯದ ಸೂಚನೆ ಹೀಗೆ ಮೂರು ಪಟ್ಟಿಗಳನ್ನು ಇಡಬಹುದು. ಮಾತಿನ ಭಾಗವನ್ನು ಗದ್ಯವಾಗಿಯೂ ಹಾಡಿನ ಭಾಗವನ್ನು ಸಾಲುಗಳಾಗಿಯೂ ಜೋಡಿಸಿದರೆ ಕಥನದ ಏರಿಳಿತ ಕಣ್ಣಿಗೇ ಗೋಚರವಾಗುತ್ತದೆ.

ನಾಲ್ಕನೆಯದು ಅಡಿಬರಹ ಮತ್ತು ಪಟ್ಟಿ. ಹಾಡಿನ ಪುಸ್ತಕದ ತಂತ್ರಜ್ಞರ ಪಟ್ಟಿಯಂತೆ, ನಾಲ್ವರ ಹೆಸರು, ಊರು, ನುಡಿಸುವ ವಾದ್ಯ, ದೀಕ್ಷೆ ಕೊಟ್ಟ ಗುರುಮನೆ, ಹಾಡಿದ ಸ್ಥಳ, ದಿನ, ಎಷ್ಟು ಹೊತ್ತಿನ ಗಾಯನದಿಂದ ಈ ಭಾಗವನ್ನು ಆಯ್ದುಕೊಳ್ಳಲಾಗಿದೆ ಎಂಬ ವಿವರ ಒಂದು ಚೌಕದಲ್ಲಿ ಬರಬೇಕು. ಹೆಸರಿನ ಅಕ್ಷರ ಸಂಪಾದಕರ ಹೆಸರಿನ ಅಕ್ಷರಕ್ಕಿಂತ ಚಿಕ್ಕದಾಗಬಾರದು. ಧ್ವನಿಮುದ್ರಣಕ್ಕೆ ಒಯ್ಯುವ ಕ್ಯೂಆರ್ ಸಂಕೇತವನ್ನು ಇಂದು ಸುಲಭವಾಗಿ ಸೇರಿಸಬಹುದು. ‘ಆಲ್ಚೆರಿಂಗ’ದ ಮುದ್ರಿಕೆ ಮಾಡಿದ ಕೆಲಸವನ್ನು ಅದು ಕಡಿಮೆ ಖರ್ಚಿನಲ್ಲಿ ಮಾಡುತ್ತದೆ. ಬಣ್ಣದ ಮುದ್ರಣಕ್ಕೆ ಹಣವಿಲ್ಲದಿದ್ದರೆ ‘ಸ್ನಿಫಿನ್ ಗ್ಲೂ’ವಿನ ಮಾರ್ಗವಿದೆ: ಕಪ್ಪುಬಿಳುಪಿನ ನೆರಳಚ್ಚು ಪ್ರತಿಯಲ್ಲಿಯೂ ನಾಲ್ಕು ಹೆಸರುಗಳು ಹಿಡಿಸುತ್ತವೆ.

೮. ಗಮನಿಸಬೇಕಾದ ಎಚ್ಚರಗಳು

ರಾಕ್ ಪತ್ರಿಕೆಗಳ ಮಾದರಿಯನ್ನು ಪೂರ್ಣವಾಗಿ ಒಪ್ಪಿಕೊಳ್ಳುವುದರಲ್ಲಿ ಅಪಾಯಗಳೂ ಇವೆ. ಮೊದಲನೆಯದು ತಾರೆಯ ಸೃಷ್ಟಿ. ತಂಡದ ಸಂಗೀತವೆಂದು ಹುಟ್ಟಿದ ರಾಕ್, ಪತ್ರಿಕೆಗಳ ಮುಖಪುಟಕ್ಕೆ ಬರುವಾಗ ಬಹುಮಟ್ಟಿಗೆ ಮುಂದೆ ನಿಂತು ಹಾಡುವ ಒಬ್ಬನ ಸಂಗೀತವಾಗಿ ಮಾರ್ಪಟ್ಟಿತು. ಡ್ರಮ್ಮು ಬಾರಿಸುವವನು ವೇದಿಕೆಯಲ್ಲಿದ್ದಂತೆ ಪುಟದಲ್ಲಿಯೂ ಹಿಂದೆಯೇ ಉಳಿದ. ನೀಲಗಾರರ ಮೇಳದಲ್ಲಿ ಕಥೆಗಾರನೊಬ್ಬನನ್ನೇ ದೊಡ್ಡದಾಗಿಸಿದರೆ ಸಂಕಲನಗಳು ಮಾಡಿದ ತಪ್ಪನ್ನೇ ಇನ್ನೊಂದು ರೀತಿಯಲ್ಲಿ ಮಾಡಿದಂತಾಗುತ್ತದೆ.

ಎರಡನೆಯದು ಸಂದರ್ಭದ ನಷ್ಟ. ದೇವರಗುಡ್ಡನೂ ನೀಲಗಾರನೂ ಗಾಯಕರಷ್ಟೇ ಅಲ್ಲ, ದೀಕ್ಷೆ ಪಡೆದವರು. ಬನದ ಹುಣ್ಣಿಮೆಯಲ್ಲಿ ನಡೆಯುವ ಚಿಕ್ಕಲ್ಲೂರು ಜಾತ್ರೆಯ ಚಂದ್ರಮಂಡಲದ ಮುಂದೆ ಹಾಡುವ ಹಾಡು ವೇದಿಕೆಯ ಮೇಲಿನ ಹಾಡಿಗೆ ಸಮನಲ್ಲ. ಜೋಳಿಗೆ, ರುದ್ರಾಕ್ಷಿಗಳನ್ನು ಆಕರ್ಷಕ ವೇಷಭೂಷಣವೆಂಬಂತೆ ಚಿತ್ರಿಸಿದರೆ ಅವುಗಳ ಹಿಂದಿನ ಒಕ್ಕಲುತನ ಮರೆಯಾಗುತ್ತದೆ. ಮೂರನೆಯದು ವಿನ್ಯಾಸದ ಅತಿರೇಕ. ‘ರೇ ಗನ್’ನ ಪ್ರಸಂಗ ತೋರಿಸುವಂತೆ ಓದಲಾಗದ ಪುಟ ವಿನ್ಯಾಸಕನ ಹೆಸರನ್ನು ಉಳಿಸಬಹುದು, ಮಾತನಾಡಿದವನ ಮಾತನ್ನು ಉಳಿಸದು. ನಾಲ್ಕನೆಯದು ಒಪ್ಪಿಗೆ. ಪುಟ ಅಚ್ಚಿಗೆ ಹೋಗುವ ಮೊದಲು ಅದನ್ನು ಮೇಳದವರ ಮುಂದೆ ಹರಡಿ, ಓದು ಬಾರದವರಿಗೆ ಓದಿ ಹೇಳಿ, ಅವರು ಬೇಡವೆಂದದ್ದನ್ನು ತೆಗೆಯಬೇಕು. ಪ್ರಕಟಣೆಯಿಂದ ಸಂಭಾವನೆ ಬರುವುದಾದರೆ ಅದರ ಹಂಚಿಕೆಯನ್ನು ಮೊದಲೇ ನಿಶ್ಚಯಿಸಬೇಕು.

೯. ಸಮಾರೋಪ

ರಾಕ್ ಸಂಗೀತ ಪತ್ರಿಕೆಯ ಜೋಡಿಪುಟ ಮತ್ತು ಜನಪದ ಕಾವ್ಯದ ಸಂಪುಟ ಎರಡೂ ಗಾಯನವನ್ನು ಕಾಗದಕ್ಕೆ ತರುವ ಯತ್ನಗಳು. ಮೊದಲನೆಯದು ಗಾಯಕನನ್ನು ಉಳಿಸಿಕೊಂಡು ಹಾಡಿನ ಪಠ್ಯವನ್ನು ಬಿಟ್ಟಿತು. ಎರಡನೆಯದು ಪಠ್ಯವನ್ನು ಉಳಿಸಿಕೊಂಡು ಗಾಯಕನನ್ನು ಬಿಟ್ಟಿತು. ಒಂದರ ಕೊರತೆಯನ್ನು ಇನ್ನೊಂದರ ಅನುಭವದಿಂದ ತುಂಬಲು ಸಾಧ್ಯವಿದೆ. ಅದಕ್ಕೆ ದುಬಾರಿ ಕಾಗದವಾಗಲಿ ದೊಡ್ಡ ಮುದ್ರಣಾಲಯವಾಗಲಿ ಅನಿವಾರ್ಯವಲ್ಲ. ಕ್ಯಾಮೆರಾ ಹಿಡಿದವರು ಜಗುಲಿಯ ಮೇಲೆ ಕುಳಿತುಕೊಳ್ಳುವುದು, ಹಿಮ್ಮೇಳಕ್ಕೆ ಒಂದು ಅಂಕಣ ಬಿಡುವುದು, ಅಡಿಬರಹದಲ್ಲಿ ನಾಲ್ಕು ಹೆಸರುಗಳನ್ನು ಬರೆಯುವುದು ಇವು ಯಾವ ಪ್ರಕಾಶನಕ್ಕೂ ಸಾಧ್ಯವಾದ ಕೆಲಸಗಳು.

ಮುಂದೆ ಈ ಸಂಪುಟಗಳನ್ನು ಗ್ರಂಥಾಲಯಗಳಲ್ಲಿ ತೆರೆಯುವವರಲ್ಲಿ ಸಂಶೋಧಕರಷ್ಟೇ ಇರುವುದಿಲ್ಲ. ಹಾಡಿದವರ ಮಕ್ಕಳೂ ಮೊಮ್ಮಕ್ಕಳೂ ಇರುತ್ತಾರೆ. ಅವರಲ್ಲಿ ಹಲವರು ಓದು ಕಲಿತ ಮೊದಲ ತಲೆಮಾರಿನವರು. ಅವರು ಪುಟ ತಿರುಗಿಸುವಾಗ ಹುಡುಕುವುದು ಪಾಠಾಂತರವನ್ನಲ್ಲ. ತಮ್ಮ ಅಜ್ಜನ ಹೆಸರು, ಅವನು ಹಿಡಿದಿದ್ದ ದಮ್ಮಡಿ, ಅವನ ಮುಖ ಅವರಿಗೆ ಆ ಪುಟದಲ್ಲಿ ಸಿಗುವಂತೆ ಮಾಡುವುದು ಸಂಪಾದಕನ ಹೊಣೆಗಾರಿಕೆಯಲ್ಲಿ ಸೇರಬೇಕಾದ ಕೆಲಸ.